ಮಂಗಂಗೆ ಬೇಡದ್ದು ಹೊರಗೆ, ಬೇಕಾದ್ದು ಗೂಡೊಳಗೆ: ಮಲೆನಾಡಲ್ಲಿ ತರಕಾರಿ ಹಿತ್ಲು ಮಾಡೋದು

ನಮ್ಮನೆ ಇರೋದು ಸಾಗರ ತಾಲೂಕಿನ ಒಂದು ಮೂಲೇಲಿ. ಮನೆ ಹಿಂದೆ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಧರೆ ಮೇಲೆ ಸೊಪ್ಪಿನಬೆಟ್ಟ, ಮುಂದೆ ಅಂಗಳ ದಾಟಿದ್ರೆ ಅಡಿಕೆ ತೋಟ. ಜೂನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡಲ್ಲ, ಬಟ್ಟೆ ಒಣಗ್ಸೋಕೂ ಒಲೆ ಮುಂದೆ ಜಾಗ ಹುಡುಕ್ಬೇಕು, ಅದೇ ಮಾರ್ಚ್ ಬಂತೂಂದ್ರೆ ಬಾವಿಲಿ ಕೊಡಪಾನ ತಳಕ್ಕೆ ತಾಗಿ ಟಣ್ ಅನ್ನತ್ತೆ. ಇದ್ರ ಮಧ್ಯೆ ಹಗಲು ಮಂಗ, ನವಿಲು, ರಾತ್ರಿ ಹಂದಿ, ಮುಳ್ಳುಹಂದಿ, ಮಳೆಗಾಲದಲ್ಲಿ ಬಸವನಹುಳ. ಇಂಥಾ ಜಾಗದಲ್ಲಿ ತರಕಾರಿ ಹೆಂಗೆ ಬೆಳೀತೀಯ ಮಾರಾಯ್ತಿ ಅಂತ ಬೆಂಗಳೂರಿಂದ ಊರಿಗೆ ವಾಪಸ್ ಬಂದಿರೋ ನೆಂಟ್ರು ಕೇಳ್ತಾನೇ ಇರ್ತಾರೆ, ಫೋನಲ್ಲಿ ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೆ ಒಂದ್ಸಲ ಕೂತು ಬರೆದ್ಬಿಡ್ತೀನಿ.

ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಧರೆ ಪಕ್ಕದ ಬಿಸಿಲು ಬೀಳೋ ಜಾಗದಲ್ಲಿ ಸೌತೆ ಹಾಕಿದ್ದೆ, ಅಡಿಕೆ ಮರ ಸೀಳಿದ ದಬ್ಬೆಯ ಚಪ್ಪರ, ಚೆನ್ನಾಗೇ ಹಬ್ಬಿತ್ತು. ಒಂದಿನ ಬೆಳಿಗ್ಗೆ ಏಳೂವರೆಗೆ ನಾನು ಒಳಗೆ ದೋಸೆ ಎರೀತಾ ಇದ್ದೆ, ಹೊರಗೆ ಏನೋ ಟಪ್ ಟಪ್ ಅಂತ ಬೀಳೋ ಸದ್ದು. ಹೋಗಿ ನೋಡಿದ್ರೆ ಕೊಟ್ಟಿಗೆ ಮಾಡಿನ ಮೇಲೆ ದೊಡ್ಡ ಗಡವ (ಗಂಡು ಮಂಗ) ಕಾವಲಿಗೆ ಕೂತಿದೆ, ಚಪ್ಪರದ ಮೇಲೆ ಮರಿ ಅಪ್ಪಿಕೊಂಡ ಒಂದು ಹೆಣ್ಣು ಮಂಗ ಬೆರಳುದ್ದದ ಮಿಡಿ ಕೀಳೋದು, ಒಂದು ಕಚ್ಚು ಕಚ್ಚೋದು, ಎಸೆಯೋದು, ಮತ್ತೊಂದು ಕೀಳೋದು. ತಿಂದಿದ್ರೆ ಬೇಜಾರಿರ್ಲಿಲ್ಲ, ಒಂದನ್ನೂ ಪೂರ್ತಿ ತಿಂದಿರ್ಲಿಲ್ಲ. ಹತ್ತೊಂಬತ್ತು ಮಿಡಿ ಲೆಕ್ಕ ಮಾಡಿ ಹೆಕ್ಕಿದೆ, ಎಲ್ಲದ್ರಲ್ಲೂ ಹಲ್ಲಿನ ಗುರುತು. ನಾನು ಅಳೋದೊಂದು ಬಾಕಿ, ನಮ್ಮತ್ತೆ ಮಾತ್ರ ಜಗುಲಿ ಮೇಲೆ ಅಡಿಕೆ ಸುಲೀತಾ ಕೂತೋರು ತಲೆ ಎತ್ತದೇನೇ ಅಂದ್ರು, "ಬೆಟ್ಟದ ಬುಡದಲ್ಲಿ ಸೌತೆ ಹಾಕೋದು ಅಂದ್ರೆ ಮಂಗಂಗೆ ಬಾಳೆ ಎಲೆ ಹಾಕಿ ಬಡಿಸ್ದಂಗೆ. ಅದಕ್ಕೆ ಬೇಡದ್ದನ್ನ ಅಲ್ಲಿ ನೆಡು, ಬೇಕಾದ್ದನ್ನ ಕಣ್ಣೆದುರು ನೆಡು." ಇಷ್ಟು ವರ್ಷ ಬೇಲಿ, ನೆಟ್ಟು, ಪಟಾಕಿ ಅಂತ ಏನೇನೋ ಮಾಡಿ ಕೊನೆಗೆ ನಾನು ಬಂದು ನಿಂತಿದ್ದು ಈ ಮಾತಿಗೇ. ಇಡೀ ಹಿತ್ಲಿಗೆ ಬೇಲಿ ಹಾಕ್ತೀನಿ ಅಂತ ಹೊರಡ್ಬೇಡಿ. ದುಡ್ಡೂ ಹೋಗತ್ತೆ, ತರಕಾರಿನೂ ಹೋಗತ್ತೆ.

ಹೊರಗಿನ ಸುತ್ತು

ಬೆಟ್ಟದ ಕಡೆ, ಮನೆಯಿಂದ ದೂರ ಇರೋ ಜಾಗಕ್ಕೆ ಪ್ರಾಣಿಗಳು ಅಷ್ಟಾಗಿ ಬಾಯಿ ಹಾಕದ್ದು ಹಾಕಿ. ಸುವರ್ಣಗಡ್ಡೆ, ಕೆಸು, ಅರಿಶಿಣ, ಹಾಗಲ, ಸೂಜಿಮೆಣಸು, ಕರಿಬೇವು, ನಿಂಬೆಹುಲ್ಲು, ಚಕ್ರಮುನಿ. ಹಾಗಲಕಾಯಿನ ಮಂಗ ಒಂದ್ಸಲ ಕಚ್ಚಿ ನೋಡತ್ತೆ, ಮುಖ ಹಿಂಡ್ಕೊಂಡು ಹೋಗತ್ತೆ, ನಮ್ಮಲ್ಲಿ ಅಷ್ಟೇ ನಷ್ಟ. ಸುವರ್ಣಗಡ್ಡೆ, ಕೆಸು ತುರಿಸತ್ತಲ್ಲ, ಅದು ನಮಗೆ ತೊಂದ್ರೆ ಆದ್ರೂ ಮಂಗದ ಮಟ್ಟಿಗೆ ಅದೇ ಅದ್ರ ಬೇಲಿ. ಸೂಜಿಮೆಣಸಿನ ಗಿಡ ನೀವು ನೆಡೋದೂ ಬೇಡ, ಹಣ್ಣಾದ್ದನ್ನ ಪಿಕಳಾರ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟತ್ತೆ, ಹಕ್ಕಿಗಳಿಗೆ ಖಾರ ಗೊತ್ತಾಗಲ್ಲ, ಮಂಗಂಗೆ ಗೊತ್ತಾಗತ್ತೆ.

ಮರಗೆಣಸು, ಸಿಹಿಗೆಣಸು ಮಾತ್ರ ಈ ಕಡೆ ಹಾಕ್ಲೇಬೇಡಿ. ಹಂದಿ ಒಂದೇ ರಾತ್ರೀಲಿ ಟ್ರ್ಯಾಕ್ಟರ್ ಹೊಡೆದಂಗೆ ಮಾಡತ್ತೆ, ಹಂದಿ ಬಿಟ್ರೆ ಮುಳ್ಳುಹಂದಿ ಬಿಡಲ್ಲ. ಇನ್ನೊಂದು, ಸಗಣಿ ಗೊಬ್ಬರ ಹಾಕಿದ ಹಸಿ ಮಣ್ಣಲ್ಲಿ ಎರೆಹುಳ ಇರತ್ತಲ್ಲ, ಹಂದಿ ಅದಕ್ಕೋಸ್ಕರನೂ ಅಗೆಯತ್ತೆ, ಅರಿಶಿಣ ತಿನ್ನದೇ ಇದ್ರೂ ಬುಡ ಎಬ್ಬಿಸಿ ಹೋಗಿರತ್ತೆ. ಹಂಗಾಗಿ ಹೊರಗಿನ ಸುತ್ತಿಗೆ ಗೊಬ್ಬರ ಹಾಕಿದ್ರೆ ಮೇಲೆ ಮಣ್ಣು ಮುಚ್ಚಿ, ಅದ್ರ ಮೇಲೆ ಮುಳ್ಳುಕಂಟಿ ಹೇರಿ ಬಿಡಿ.

ಮನೆ ಗೋಡೆ ಸುತ್ತ

ಅಡುಗೆಮನೆ ಕಿಟಕಿಯಿಂದ ಕಾಣೋ ಜಾಗ, ಬಚ್ಚಲು ನೀರು ಹೋಗೋ ಜಾಗ, ನಾಯಿ ಕಟ್ಟೋ ಜಾಗ, ಇದು ಎರಡನೇ ಸುತ್ತು. ಬಸಳೆ ಚಪ್ಪರ ಬಚ್ಚಲು ನೀರಿಗೆ, ಇದ್ರಲ್ಲಿ ಬೇರೆ ಮಾತೇ ಇಲ್ಲ, ಬೇಸಿಗೆಲೂ ಸಾಯಲ್ಲ. ಪಕ್ಕದಲ್ಲೇ ತೊಂಡೆ, ಒಂದ್ಸಲ ಬಳ್ಳಿ ನೆಟ್ರೆ ವರ್ಷಗಟ್ಲೆ ಬರತ್ತೆ. ಹರಿವೆ, ಮೆಣಸಿನಕಾಯಿ, ಕೊತ್ತಂಬರಿ ಇಲ್ಲಿ. ನಮ್ಮ ಕಡೆ ಮಂಗ ಬರೋದು ಬೆಳಿಗ್ಗೆ ಏಳರಿಂದ ಒಂಬತ್ತು, ಮತ್ತೆ ಮಧ್ಯಾಹ್ನ ಮೂರರ ಮೇಲೆ, ಆ ಹೊತ್ತಿಗೆ ಅಡುಗೆಮನೇಲೋ ಜಗುಲಿಲೋ ಯಾರಾದ್ರೂ ಇದ್ದೇ ಇರ್ತೀವಿ, ಸೊಪ್ಪಿಗೆ ಅಷ್ಟು ಕಾವಲು ಸಾಕು.

ಓಡ್ಸೋ ಉಪಾಯಗಳ ಬಗ್ಗೆ ಒಂದು ಮಾತು. ಗರ್ನಾಲು, ಡಬ್ಬ ಬಡಿಯೋದು, ಸಿಡಿ ಕಟ್ಟೋದು, ಬೆದರುಬೊಂಬೆ, ಗೊಂಬೆ ಹುಲಿ ಎಲ್ಲ ಕೆಲಸ ಮಾಡತ್ತೆ, ಒಂದು ವಾರ. ಹತ್ತು ದಿನ ಅನ್ನಿ. ಆಮೇಲೆ ಅದೇ ಬೆದರುಬೊಂಬೆ ತಲೆ ಮೇಲೆ ಮರಿ ಕೂತಿರತ್ತೆ. 2019ರಲ್ಲಿ ತೀರ್ಥಹಳ್ಳಿ ಕಡೆ ಒಬ್ರು ನಾಯಿಗೆ ಹುಲಿ ಪಟ್ಟೆ ಬಳಿದಿದ್ದು ಪೇಪರಲ್ಲೆಲ್ಲ ಬಂದಿತ್ತು, ನಮ್ಮನೆಯವ್ರು ಅದನ್ನ ಓದಿ ನಮ್ಮ ರಾಜಂಗೂ ಬಣ್ಣ ಹಚ್ಚೋಣ ಅಂತ ಹೊರಟಿದ್ರು, ರಾಜ ಒಪ್ಪಲಿಲ್ಲ. ಇಂಥದ್ದೇನಾದ್ರೂ ಮಾಡೋದಾದ್ರೆ ಕಾಯಿ ಬಲಿಯೋ ಆ ಎಂಟತ್ತು ದಿನಕ್ಕೆ ಇಟ್ಕೊಳ್ಳಿ, ದಿನಾ ಜಾಗ ಬದಲಾಯ್ಸಿ. ನಾಯಿ ಒಂದೇ ನಿಜವಾದ ಉಪಾಯ, ಆದ್ರೆ ಕಟ್ಟಿ ಹಾಕಿದ ನಾಯಿನ ಮಂಗ ಎರಡು ದಿನಕ್ಕೇ ಅಳೆದ್ಬಿಡತ್ತೆ, ಸರಪಳಿ ಎಷ್ಟುದ್ದ ಅಂತ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಅಯ್ಯೋ ಪಾಪ ಅಂತ ಬಾಳೆಹಣ್ಣು ಎಸೆಯೋರು ಮನೇಲಿದ್ರೆ ಮೊದ್ಲು ಅವ್ರನ್ನ ನಿಲ್ಸಿ.

ಗೂಡು ಕಟ್ಟೋದು

ಸೌತೆ, ಹೀರೆ, ಪಡುವಲ, ಬೆಂಡೆ, ಅಲಸಂದೆ, ಬದನೆ, ಟೊಮೆಟೊ, ಇವಿಷ್ಟಕ್ಕೆ ಗೂಡೇ ಬೇಕು. ಗೂಡು ಅಂದ್ರೆ ನಾಲ್ಕೂ ಕಡೆ ಮತ್ತೆ ಮೇಲೆ ಮುಚ್ಚಿದ್ದು. ಬರೀ ಸುತ್ತ ಬೇಲಿ ಹಾಕಿ ಮೇಲೆ ಬಿಟ್ರೆ ಅದು ಮಂಗಕ್ಕೆ ಏಣಿ ಅಷ್ಟೇ. ನಾಲ್ಕೈದು ಜನರ ಮನೆಗೆ ಹತ್ತಡಿ ಅಗಲ ಇಪ್ಪತ್ತಡಿ ಉದ್ದ ಸಾಕು, ದೊಡ್ಡದು ಮಾಡಿದ್ರೆ ರಿಪೇರಿ ಮಾಡ್ತಾನೇ ಇರ್ಬೇಕು. ಎತ್ತರ ಏಳಡಿ ಇರ್ಲಿ, ಒಳಗೆ ನೆಟ್ಟಗೆ ನಿಂತು ಕೆಲಸ ಮಾಡೋಕಾಗ್ಬೇಕು, ನಾನು ಮೊದಲನೇದು ಐದಡಿ ಮಾಡಿ ಎರಡು ವರ್ಷ ಸೊಂಟ ಬಗ್ಗಿಸ್ಕೊಂಡೇ ಕಳೆದೆ. ಕಂಬಕ್ಕೆ ಜಿಐ ಪೈಪ್ ಆದ್ರೆ ಒಳ್ಳೇದು, ಇಲ್ಲಾಂದ್ರೆ ಬಲಿತ ಅಡಿಕೆ ಮರದ ಕಂಬ, ಬುಡಕ್ಕೆ ಟಾರು ಬಳಿದು ಹೂತ್ರೂ ಅದು ಎರಡು ಮೂರು ಮಳೆಗಾಲಕ್ಕೆ ಕೊಳೆತು ಕುಂಬಾಗತ್ತೆ ಅನ್ನೋದು ತಿಳ್ಕೊಂಡೇ ಹಾಕಿ.

ಜಾಲರಿ ವಿಷಯಕ್ಕೆ ಬರೋಣ, ಎಲ್ರೂ ತಪ್ಪು ಮಾಡೋದು ಇಲ್ಲೇ. ನಾನೂ ಮೊದ್ಲು ಅಗ್ಗ ಅಂತ ಮೀನಿನ ಬಲೆ ತರಿಸಿ ನೆಲದ ತನಕ ಇಳಿಬಿಟ್ಟಿದ್ದೆ. ಒಂದು ಸಂಜೆ ಹೋಗ್ತೀನಿ, ಬಲೆ ಬುಡದಲ್ಲಿ ಕೇರೆ ಹಾವು ಸಿಕ್ಕಾಕ್ಕೊಂಡು ಒದ್ದಾಡ್ತಾ ಇದೆ, ಮುಂದೆ ಹೋಗೋಕೆ ನೋಡಿದಷ್ಟೂ ದಾರ ಚರ್ಮದೊಳಗೆ ಕೂರ್ತಾ ಇದೆ. ನಮ್ಮನೆಯವ್ರು ತಲೆ ಹತ್ರ ಗೋಣಿ ಹಾಕಿ ಹಿಡಿದ್ರು, ನಾನು ಹೊಲಿಗೆ ಕತ್ರಿಲಿ ಒಂದೊಂದೇ ಎಳೆ ಕತ್ತರಿಸ್ತಾ ಹೋದೆ, ಮುಕ್ಕಾಲು ಗಂಟೆ ಹಿಡೀತು, ಕೊನೇ ಎಳೆ ಬಿಟ್ಟ ಕೂಡ್ಲೇ ತಿರುಗೂ ನೋಡದೆ ಧರೆ ಹತ್ತಿ ಹೋಯ್ತು. ಇಲಿ ಹೆಗ್ಗಣ ತಿನ್ನೋ ಹಾವು ಅದು, ಹಿತ್ಲಿಗೆ ಅದಕ್ಕಿಂತ ದೊಡ್ಡ ಉಪಕಾರಿ ಇಲ್ಲ. (ಸಿಕ್ಕಿದ್ದು ಕೇರೆ ಅಂತ ಗೊತ್ತಿದ್ದಕ್ಕೆ ಕೈ ಹಾಕಿದ್ವಿ, ನಾಗರನೋ ಕೊಳಕಮಂಡಲನೋ ಆಗಿದ್ರೆ ಹಾವು ಹಿಡಿಯೋರನ್ನೇ ಕರೀರಿ.) ಅವತ್ತಿಂದ ನೆಲದಿಂದ ಮೂರಡಿ ತನಕ ಬಲೆ ಮುಟ್ಸಲ್ಲ.

ಈಗ ಇರೋದು ಹೀಗೆ. ಕೆಳಗಿನ ಮೂರಡಿ ಹಳೇ ತಗಡಿನ ಶೀಟು, ಅದನ್ನೇ ಒಂದಡಿ ಮಣ್ಣೊಳಗೆ ಹೂತಿದೀವಿ. ಹಂದಿಗೆ ಆಚೆ ಕಡೆ ಏನಿದೆ ಅಂತ ಕಾಣಲ್ಲ, ಮೂತಿ ಹಾಕಿ ಎತ್ತೋಕೂ ಆಗಲ್ಲ. ಮುಳ್ಳುಹಂದಿ ಹತ್ತಲ್ಲ, ಹಾರಲ್ಲ, ಆದ್ರೆ ಅಡಿಯಿಂದ ಕೆರೆಯತ್ತೆ, ಅದಕ್ಕೆ ಶೀಟಿನ ಹೊರಗೆ ಒಂದೂವರೆ ಅಡಿ ಅಗಲಕ್ಕೆ ಜಾಲರಿ ಮಲಗಿಸಿ ಮೇಲೆ ಕಲ್ಲು ಹೇರಿದೀವಿ, ಕೆರೆಯೋಕೆ ಶುರು ಮಾಡಿದಲ್ಲೇ ಉಗುರಿಗೆ ಕಬ್ಬಿಣ ತಾಗತ್ತೆ. ಮೂರಡಿ ಮೇಲೆ ಒಂದಿಂಚು ಕಣ್ಣಿನ ವೆಲ್ಡ್ ಮೆಶ್. ಕೋಳಿ ಮೆಶ್ ತೆಳ್ಳಗಿರೋದು ಸಿಗತ್ತಲ್ಲ, ಅದು ಗಡವ ನಾಲ್ಕು ಸಲ ಕುಣಿದ್ರೆ ಬಾಯಿ ಬಿಡತ್ತೆ. ಮೇಲ್ಗಡೆ ಮಾತ್ರ ದಪ್ಪ ನೈಲಾನ್ ಬಲೆ, ಬಿಗಿಯಾಗಿ ಎಳೆದು ಕಟ್ಟಿಲ್ಲ, ಬೇಕಂತ್ಲೇ ಜೋಲು ಬಿಟ್ಟಿದೀವಿ. ಬಿಗಿ ಇದ್ರೆ ಅದು ಅಟ್ಟ, ಅದ್ರ ಮೇಲೆ ಕೂತು ಕಚ್ಚತ್ತೆ. ಜೋಲು ಇದ್ರೆ ಕಾಲಿಟ್ಟಲ್ಲಿ ಕುಸಿಯತ್ತೆ, ಅದಕ್ಕೆ ಆಗಲ್ಲ, ಎರಡು ಸಲ ಬಂದು ನೋಡಿ ಬಿಟ್ಬಿಟ್ವು. ಬಾಗಿಲಿಗೆ ಎರಡು ಚಿಲಕ ಹಾಕಿ, ಒಂದು ಮೇಲೆ ಒಂದು ಕೆಳಗೆ, ಒಂದು ಚಿಲಕ ತೆಗೆಯೋದು ನಮ್ಮ ಮಂಗಗಳಿಗೆ ಬರತ್ತೆ, ತಮಾಷೆಗಲ್ಲ ಹೇಳ್ತಿರೋದು.

ಬಳ್ಳಿ ಚಪ್ಪರ ಗೂಡಿನೊಳಗೇ ಇರ್ಬೇಕು, ಆರಡಿ ಎತ್ತರಕ್ಕೆ, ಮೇಲಿನ ಬಲೆಗೂ ಚಪ್ಪರಕ್ಕೂ ಒಂದಡಿ ಗ್ಯಾಪು. ಹೀರೆ ಬಳ್ಳಿ ಬಲೆ ಹಿಡ್ಕೊಂಡ್ರೆ ಹೊರಗಿಂದ ಕೈ ಹಾಕಿ ಎಳೀತವೆ.

ಜೇನು ಒಂದಿಂಚು ಕಣ್ಣಲ್ಲಿ ಸಲೀಸಾಗಿ ಬರತ್ತೆ, ಆದ್ರೆ ಜೋರು ಮಳೆಲಿ ಜೇನು ಹೊರಗೇ ಹೊರಡಲ್ಲ. ಮಿಡಿ ಹಳದಿಯಾಗಿ ಉದುರ್ತಾ ಇದ್ರೆ ಎಷ್ಟೋ ಸಲ ರೋಗ ಅಲ್ಲ, ಪರಾಗ ಸೇರಿಲ್ಲ ಅಷ್ಟೆ. ಗಂಡು ಹೂ ಕಿತ್ತು ಎಸಳು ಬಿಡಿಸಿ, ಹಿಂದೆ ಪುಟ್ಟ ಮಿಡಿ ಇರೋ ಹೆಣ್ಣು ಹೂವಿಗೆ ಸವರಿ. ಸೌತೆ, ಹಾಗಲ ಬೆಳಿಗ್ಗೆ ಬೇಗ ಮಾಡ್ಬೇಕು, ಹೀರೆ ಮತ್ತೆ ಪಡುವಲ ಅರಳೋದೇ ಸಂಜೆ, ಅದಕ್ಕೆ ದೀಪ ಹಚ್ಚೋ ಹೊತ್ತಿಗೆ ಹೋಗ್ಬೇಕು. ಇದು ಗೊತ್ತಿಲ್ದೆ ನಾನು ಬೆಳಿಗ್ಗೆ ಹೋಗಿ ಮುದುಡಿದ ಹೀರೆ ಹೂ ಬಿಡಿಸಿ ಬಿಡಿಸಿ ತಿಕ್ಕಿದ್ದೂ ಇದೆ.

ಸೋಲಾರ್ ಬೇಲಿ ಹಾಕೋ ಅನುಕೂಲ ಇದ್ರೆ ಹಂದಿಗೆ ಅದು ಒಳ್ಳೇದೇ, ಕೆಳಗಿನ ತಂತಿ ನೆಲದಿಂದ ಎಂಟೊಂಬತ್ತು ಇಂಚಿಗೆ ಬರ್ಬೇಕು, ಮತ್ತೆ ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದ್ರೆ ಕರೆಂಟೆಲ್ಲ ನೆಲಕ್ಕೆ ಇಳಿದು ಬೇಲಿ ಸತ್ತಂಗೆ, ಹದಿನೈದು ದಿನಕ್ಕೊಮ್ಮೆ ಅಡಿ ಹುಲ್ಲು ಸವರ್ಬೇಕು. ಮನೆ ಲೈನಿಂದ ನೇರ ಕರೆಂಟ್ ಕೊಡೋದು, ಉರುಳು ಹಾಕೋದು, ಕಾಳಿಗೆ ವಿಷ ಬೆರೆಸಿ ನವಿಲಿಗೆ ಇಡೋದು, ಇವು ಮೂರೂ ಅಪರಾಧ, ಮಾಡ್ಬೇಡಿ. ಮನೆ ಲೈನಿನ ತಂತಿಗೆ ಹಂದಿಗಿಂತ ಮೊದ್ಲು ಹುಲ್ಲು ಕೊಯ್ಯೋಕೆ ಹೋದ ಹೆಂಗಸೋ ಮೇಯೋಕೆ ಹೋದ ದನನೋ ಸಿಗೋದು.

ಮಳೆ ನೋಡಿ ಬೀಜ ಹಾಕೋದು

ಕ್ಯಾಲೆಂಡರ್ ತಿಂಗಳು ನೋಡಿ ಬೀಜ ಹಾಕೋದು ಬಯಲುಸೀಮೆಗೆ ಸರಿ ಇರ್ಬೋದು, ನಮಗೆ ಮಳೆ ನಕ್ಷತ್ರನೇ ಸರಿ. ಮೇ 25ರ ಹೊತ್ತಿಗೆ ರೋಹಿಣಿ ಹುಟ್ಟತ್ತೆ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರೆ. ನಾನು ಸೌತೆ, ಹೀರೆ, ಬೆಂಡೆ ಬೀಜನ ರೋಹಿಣಿ ಶುರುವಿಗೇ ಅಡಿಕೆ ಹಾಳೆ ಕೊಟ್ಟೆಗಳಲ್ಲಿ ಮಣ್ಣು ತುಂಬಿ ಮಾಡಿನ ಅಡಿ ಇಟ್ಟು ಹುಟ್ಸ್ಕೋತೀನಿ. ನವಿಲೂ ಹೆಕ್ಕಲ್ಲ, ಹುಯ್ಯೋ ಮಳೆಗೂ ಸಿಗಲ್ಲ. ಮೂರ್ನಾಲ್ಕು ಎಲೆ ಬಂದ್ಮೇಲೆ ಮೃಗಶಿರದಲ್ಲಿ ಕೊಟ್ಟೆ ಸಮೇತ ಗೂಡೊಳಗೆ ನೆಡ್ತೀನಿ, ಹಾಳೆ ಅಲ್ಲೇ ಕೊಳೆಯತ್ತೆ. ಆರಿದ್ರೆ ಹಿಡಿಯೋದ್ರೊಳಗೆ ಬೇರು ಕೂತಿರ್ಬೇಕು. ಆರಿದ್ರೆ, ಪುನರ್ವಸು ಮಳೆಗೆ ನೇರ ಮಣ್ಣಿಗೆ ಬೀಜ ಹಾಕಿದ್ರೆ ಮೂರು ಪಾಲು ಕೊಳೆಯತ್ತೆ, ಅಂಗಡಿ ಬೀಜ ಸರಿ ಇಲ್ಲ ಅಂತ ಬೈಕೊಂಡು ಬರ್ತಾರೆ ಜನ.

ಮಡಿ ಒಂದಡಿ ಎತ್ತರ ಮಾಡಿ, ಎರಡೂ ಪಕ್ಕ ನೀರು ಬಸಿದು ಹೋಗೋಕೆ ಕಾಲುವೆ, ಕಾಲುವೆ ಎಲ್ಲಿಗೆ ಹೋಗಿ ಸೇರತ್ತೆ ಅಂತ ಮಳೆ ಬರೋ ಮೊದ್ಲೇ ಒಂದು ಕೊಡಪಾನ ನೀರು ಹೊಯ್ದು ನೋಡಿ. ಗೂಡು ಧರೆ ಪಕ್ಕ ಇದ್ರೆ ಮೇಲಿಂದ ಬರೋ ನೀರು ತಿರುಗ್ಸೋಕೆ ಸಣ್ಣ ಅಗಳ ಹೊಡೀಲೇಬೇಕು. ಮಡಿ ಅಂಚು ಕೊಚ್ಚಿ ಹೋಗದಂಗೆ ಅಡಿಕೆ ದಬ್ಬೆ ಅಡ್ಡ ಕೊಟ್ರೆ ಸಾಕು. ಹರಿವೆ ಮಡಿಗೆ ಮಾತ್ರ ದಬ್ಬೆ ಸೀಳು ಬಿಲ್ಲಿನ ಹಂಗೆ ಬಗ್ಗಿಸಿ ನೆಟ್ಟು ಮೇಲೆ ಪ್ಲಾಸ್ಟಿಕ್ ಹೊದೆಸಿ, ಎರಡೂ ತುದಿ ತೆರೆದಿರ್ಲಿ, ಮುಚ್ಚಿದ್ರೆ ಒಳಗೆ ಬೆವರಿ ಎಲೆ ಕೊಳೆಯತ್ತೆ.

ನಮ್ಮ ಮಣ್ಣು ಹುಳಿ, ಮಳೆ ನೀರು ಸುಣ್ಣದಂಶನೆಲ್ಲ ತೊಳ್ಕೊಂಡು ಹೋಗಿರತ್ತೆ. ಮಡಿ ಮಾಡ್ವಾಗ, ಅಂದ್ರೆ ನೆಡೋಕೆ ಹದಿನೈದು ಇಪ್ಪತ್ತು ದಿನ ಮುಂಚೆನೇ, ಸುಣ್ಣದ ಪುಡಿ ಬೆರೆಸಿ, ಆಮೇಲೆ ಗೊಬ್ಬರ. ಒಲೆ ಬೂದಿ ಇದ್ರೆ ಅದನ್ನ ಒಣಗಿದ್ದೇ ಕೂಡಿಟ್ಕೊಳ್ಳಿ, ತಿಂಗಳಿಗೊಮ್ಮೆ ಬುಡಕ್ಕೆ ಒಂದು ಮುಷ್ಟಿ. ಗ್ಯಾಸ್ ಬಂದ್ಮೇಲೆ ಬೂದಿಗೇ ಬರ ಬಂದಿದೆ, ಬಚ್ಚಲು ಒಲೆ ಇನ್ನೂ ಇರೋದ್ರಿಂದ ನಮಗೆ ಹೆಂಗೋ ಆಗತ್ತೆ.

ಟೊಮೆಟೊ ಬದನೆ ಬೆಳಿಗ್ಗೆ ಹಸಿರಾಗಿ ಇದ್ದಿದ್ದು ಮಧ್ಯಾಹ್ನಕ್ಕೆ ಜೋತು ಬಿದ್ದು ಮೂರ್ನಾಲ್ಕು ದಿನಕ್ಕೆ ಸತ್ತೇ ಹೋಗತ್ತಲ್ಲ, ಅದು ಸೊರಗು ರೋಗ, ಮಣ್ಣಲ್ಲೇ ಇರತ್ತೆ, ಯಾವ ಔಷಧಿಗೂ ಬಗ್ಗಲ್ಲ. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಇಟ್ಟು ನೋಡಿ, ಹಾಲಿನ ಎಳೆ ಹಂಗೆ ಬಿಳಿ ಇಳಿದ್ರೆ ಅದೇ. ಆ ಜಾಗದಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸು ಹಾಕ್ಬೇಡಿ, ಅಲಸಂದೆ, ಬೆಂಡೆ ಹಾಕಿ. ಬದನೆ ಬೇಕೇ ಬೇಕು ಅಂದ್ರೆ ಕಾಡು ಸುಂಡೆ ಗಿಡಕ್ಕೆ ಬದನೆ ಕಸಿ ಕಟ್ಟಿದ್ದು ನರ್ಸರಿಗಳಲ್ಲಿ ಸಿಗತ್ತೆ, ಸುಂಡೆ ಬೇರಿಗೆ ಸೊರಗು ಅಷ್ಟಾಗಿ ತಾಗಲ್ಲ, ನಮ್ಮಲ್ಲಿ ಒಂದು ಕಸಿ ಬದನೆ ಮೂರನೇ ವರ್ಷಕ್ಕೂ ಕಾಯಿ ಬಿಡ್ತಾ ಇದೆ. ಟೊಮೆಟೊಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿ ನೋಡಿ, ಎಲೆ ಮುದುಡು, ಸೊರಗು, ಎಲೆ ಅಂಗಮಾರಿ ಮೂರಕ್ಕೂ ತಡ್ಕೊಳ್ಳೋ ತಳಿ. ಆದ್ರೂ ಸುರಿಯೋ ಮಳೆಲಿ ಟೊಮೆಟೊ ಬೆಳೆಯೋ ಹಠ ನನಗಂತೂ ಬೇಡ, ಗಣೇಶ ಹಬ್ಬ ಕಳೆದ ಮೇಲೆ ಹಾಕೋದು.

ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಅಡಿಕೆ ಮನೆಯೋರಿಗೆ ಹೇಳಿಕೊಡ್ಬೇಕಾಗಿಲ್ಲ, ಹಿತ್ಲಿಗೆ ಹತ್ತು ಲೀಟರಿಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಲ್ಲಿ ಕರಗಿಸಿ ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನ ಹೊಯ್ತಾ ಕಲಕ್ಬೇಕು. ಕತ್ತಿ ತುದಿ ಅದ್ದಿ ನೋಡಿ, ಕೆಂಪು ಬಣ್ಣ ಹಿಡಿದ್ರೆ ಇನ್ನೂ ಸ್ವಲ್ಪ ಸುಣ್ಣ ಬೇಕು. ಮಾಡಿದ ದಿನವೇ ಹೊಡೆದು ಮುಗಿಸಿ. ಸೊಪ್ಪಿಗೆ ಮಾತ್ರ ಹೊಡೀಬೇಡಿ, ಬಳ್ಳಿಗಳಿಗೂ ಎಳೆದ್ರಲ್ಲಿ ಬೇಡ, ಎಲೆ ಸುಟ್ಟಂಗಾಗತ್ತೆ.

ರಾತ್ರಿ ಟಾರ್ಚ್ ಕೆಲಸ

ಬೇಲಿ ಹಾಕಿ, ಬಲೆ ಕಟ್ಟಿ, ಮಂಗನ ಗೆದ್ದೆ ಅಂತ ಕೂತಾಗ ಬಸವನಹುಳ ಬರತ್ತೆ. ನಮ್ಮ ಹಳೇ ಸಣ್ಣ ಹುಳ ಅಲ್ಲ, ಈ ಆಫ್ರಿಕದ ದೊಡ್ಡದು, ಕೈಬೆರಳಿಗಿಂತ ಉದ್ದ ಚಿಪ್ಪು. ಒಂದು ರಾತ್ರೀಲಿ ನಾಲ್ಕು ಸೌತೆ ಸಸಿ ಬರೀ ಕಡ್ಡಿ ಮಾಡಿಟ್ಟಿತ್ತು. ಇದಕ್ಕೆ ಕೈಯಲ್ಲಿ ಹೆಕ್ಕೋದಕ್ಕಿಂತ ಒಳ್ಳೇ ಉಪಾಯ ನಾನಂತೂ ಕಂಡಿಲ್ಲ. ಸಂಜೆ ಒದ್ದೆ ಗೋಣಿಚೀಲ ಹಾಸಿ ಅದ್ರಡಿ ಪಪ್ಪಾಯಿ ಎಲೆನೋ ಕೋಸಿನ ಹೊರಗಿನ ಎಲೆನೋ ಹಾಕಿಡಿ, ರಾತ್ರಿ ಊಟ ಆದ್ಮೇಲೆ ಟಾರ್ಚ್ ಹಿಡ್ಕೊಂಡು ಹೋದ್ರೆ ಅಲ್ಲೇ ಸಭೆ ಸೇರಿರ್ತವೆ. ಬರಿಗೈಲಿ ಮುಟ್ಬೇಡಿ, ಅದ್ರ ಲೋಳೆಲಿ ಮಿದುಳಿಗೆ ತೊಂದ್ರೆ ಮಾಡೋ ಸಣ್ಣ ಹುಳ ಇರ್ಬೋದು, ಗ್ಲೌಸೋ ಪ್ಲಾಸ್ಟಿಕ್ ಕೊಟ್ಟೆನೋ ಹಾಕ್ಕೊಳ್ಳಿ, ಹಸಿ ತಿನ್ನೋ ಸೊಪ್ಪು ಚೆನ್ನಾಗಿ ತೊಳೀರಿ. ಹೆಕ್ಕಿದ್ದನ್ನ ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕಿ, ಸತ್ತಿದ್ದನ್ನ ಹಿತ್ಲಿಂದ ದೂರ ಹೂಳಿ. ಉಪ್ಪನ್ನ ಸೀದಾ ಮಡಿಗೇ ಎರಚೋರು ಇದಾರೆ, ಹುಳದ ಜೊತೆ ಗಿಡವೂ ಸಾಯತ್ತೆ. ಮೊದಲ ಮಳೆ ಬಿದ್ದ ಎರಡು ಮೂರು ವಾರ ದಿನಾ ಹೆಕ್ಕಿದ್ರೆ ಆಮೇಲೆ ಕಮ್ಮಿ, ಮೊಟ್ಟೆ ಇಡೋಕೆ ಬಿಟ್ರೆ ಒಂದೊಂದು ನೂರಾರು ಇಡತ್ತೆ. ಇದೇ ಕಾರಣಕ್ಕೆ ಮಳೆಗಾಲದಲ್ಲಿ ಬುಡಕ್ಕೆ ದರಕು (ಒಣಗಿದ ಎಲೆ) ದಪ್ಪ ಹಾಕ್ಬೇಡಿ, ಹುಳಕ್ಕೆ ಹಾಸಿಗೆ ಹಾಸಿಕೊಟ್ಟಂಗೆ ಆಗತ್ತೆ. ದಪ್ಪ ದರಕು ಏನಿದ್ರೂ ಡಿಸೆಂಬರ್ ಮೇಲೆ.

ಹೀರೆ ಹಾಗಲ ಸೊಟ್ಟಗಾಗಿ ಒಳಗೆ ಹುಳ ಆಗೋದು ಹಣ್ಣುನೊಣದ ಕೆಲಸ. ತುಳಸಿ ರಸದ ಬಾಟಲಿ ಕಟ್ಟಿ ಅಂತ ಎಲ್ರೂ ಹೇಳ್ತಾರೆ, ಅದು ಮಾವಿಗೆ ಬರೋ ನೊಣಕ್ಕೆ, ಬಳ್ಳಿ ತರಕಾರಿ ನೊಣಕ್ಕೆ ಅದನ್ನ ಸೆಳೆಯೋ ಬೇರೆ ವಾಸನೆ ಮದ್ದು, ಕ್ಯೂ ಲೂರ್ ಅಂತ ಕೇಳಿ ತಗೋಬೇಕು, ಎರಡೂ ಬೇರೆ. ಅದಕ್ಕೂ ಗಂಡು ನೊಣ ಮಾತ್ರ ಬೀಳತ್ತೆ, ಹಂಗಾಗಿ ಉಳಿದ ಕೆಲಸ ನಮ್ದೇ. ಮಿಡಿ ಹಿಡಿದು ಎರಡು ದಿನಕ್ಕೆ ಹಳೇ ಸೀರೆ ತುಂಡು ಚೀಲದ ಹಂಗೆ ಹೊಲಿದು ಹಾಕಿ ಕಟ್ಟಿ, ಹುಳ ಬಿದ್ದ ಕಾಯಿ ಗಿಡದಡಿ ಬಿಡ್ಬೇಡಿ, ಗೊಬ್ಬರ ಗುಂಡಿಗೂ ಹಾಕ್ಬೇಡಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಲ್ಲಿ ಎರಡು ವಾರ ಇಡಿ.

ಮಳೆ ಬಿಟ್ಟ ಮೇಲೆ

ಹಸ್ತ, ಚಿತ್ತೆ ಮಳೆ ಹೊತ್ತಿಗೆ, ಅಂದ್ರೆ ಸೆಪ್ಟೆಂಬರ್ ಕೊನೆ ಅಕ್ಟೋಬರಲ್ಲಿ, ಎರಡನೇ ಸುತ್ತು ಬೀಜ. ನಿಜ ಹೇಳ್ಬೇಕಂದ್ರೆ ವರ್ಷದ ಒಳ್ಳೇ ತರಕಾರಿ ಇದೇ. ಬೀನ್ಸ್, ಮೂಲಂಗಿ, ಕೊತ್ತಂಬರಿ, ಟೊಮೆಟೊ, ಕೋಸು ಎಲ್ಲ ಬರತ್ತೆ, ಇಬ್ಬನಿ ಬೀಳೋ ಬೆಳಿಗ್ಗೆ ಎಲೆ ಮೇಲೆ ಬಿಳಿ ಬೂದಿ ಕಂಡ್ರೆ ಹುಳಿ ಮಜ್ಜಿಗೆಗೆ ಹತ್ತುಪಾಲು ನೀರು ಹಾಕಿ ಸಿಂಪಡಿಸ್ತೀನಿ, ಬೇಗ ಹಿಡಿದ್ರೆ ನಿಲ್ಲತ್ತೆ. ಹೆಚ್ಚು ಹೇಳೋಕೇನಿಲ್ಲ, ಈ ನಾಲ್ಕು ತಿಂಗಳು ಯಾರು ಹಾಕಿದ್ರೂ ಬರತ್ತೆ.

ಫೆಬ್ರವರಿ ಕಳೆದ ಮೇಲೆ ನೀರಿನ ಲೆಕ್ಕ. ಆಗ ಗೂಡಲ್ಲಿ ಅರ್ಧ ಮಡಿ ಖಾಲಿ ಬಿಟ್ಬಿಡಿ. ಉಳಿದ ಅರ್ಧಕ್ಕೆ ಅರ್ಧ ಅಡಿ ದರಕು, ಸಂಜೆ ಹೊತ್ತು ಬುಡಕ್ಕೆ ಮಾತ್ರ ನೀರು. ಅಕ್ಕಿ ತೊಳೆದ ನೀರು, ಬಚ್ಚಲು ನೀರು ಒಂದನ್ನೂ ಬಿಡ್ಬೇಡಿ, ಸೋಪು ಜಾಸ್ತಿ ಇದ್ದಿದ್ದನ್ನ ಮಾತ್ರ ಬಾಳೆ ಬುಡಕ್ಕೆ ತಿರುಗ್ಸಿ. ಗದ್ದೆ ಇದ್ದೋರು ಕೊಯ್ಲಾದ ಮೇಲೆ ಮೊಗೆ (ಸಾಂಬಾರು ಸೌತೆ) ಬಳ್ಳಿ ಹಾಕಿದ್ರೆ ಬಲಿತ ಮೊಗೆಕಾಯಿನ ಬಾಳೆಪಟ್ಟೆಲಿ ಸುತ್ತಿ ಅಟ್ಟಕ್ಕೆ ತೂಗುಹಾಕಿ, ಒಂದಕ್ಕೊಂದು ತಾಗದಂಗೆ. ಮಳೆಗಾಲದಲ್ಲಿ ಗೂಡೊಳಗೆ ಏನೂ ಇಲ್ದೆ ಇದ್ರೂ ಅಟ್ಟದಲ್ಲಿ ಹುಳಿಗೆ ತರಕಾರಿ ಇರತ್ತೆ, ಮಂಗ ಅಟ್ಟಕ್ಕೆ ಬರಲ್ಲ.

ಬೇಸಿಗೆಲಿ ಇನ್ನೊಂದು ಎಚ್ಚರ. ಮಂಗಕ್ಕೂ ಮನುಷ್ಯರಿಗೂ ಬರೋ ಮಂಗನ ಕಾಯಿಲೆ ಜ್ವರ 1957ರಲ್ಲಿ ಮೊದ್ಲು ಗೊತ್ತಾಗಿದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, ಡಿಸೆಂಬರಿಂದ ಮೇ ತನಕ ಅದ್ರ ಕಾಲ, ಹರಡೋದು ಉಣುಗಿನಿಂದ (ಮೈಗೆ ಕಚ್ಕೊಂಡು ರಕ್ತ ಹೀರೋ ಸಣ್ಣ ಹುಳ). ಹಿತ್ಲ ಹತ್ರ ಸತ್ತ ಮಂಗ ಕಂಡ್ರೆ ಮುಟ್ಬೇಡಿ, ಎಳೆದು ಎಸೆಯೋಕೂ ಹೋಗ್ಬೇಡಿ, ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೇಳಿ. ದರಕು ತರೋಕೆ ಬೆಟ್ಟಕ್ಕೆ ಹೋದ್ರೆ ಮೈತುಂಬಾ ಬಟ್ಟೆ, ಬಂದ ಕೂಡ್ಲೇ ಬಿಸಿನೀರ ಸ್ನಾನ, ಬಟ್ಟೆನ ಸೀದಾ ಬಿಸಿನೀರಿಗೆ.

ಬೀಜಕ್ಕೆ ಬಿಡೋ ಕಾಯಿ ಬಗ್ಗೆ ಹೇಳಿ ಮುಗಿಸ್ತೀನಿ. ಒಳ್ಳೇ ಬಳ್ಳಿಯ ಒಂದು ಕಾಯಿನ ಹಣ್ಣಾಗೋ ತನಕ ಬಿಡಿ, ಅರ್ಕಾ ರಕ್ಷಕ್ ಥರದ ಹೈಬ್ರಿಡ್ ಬೀಜ ಎತ್ತಿಡೋದು ದಂಡ, ಊರ ಸೌತೆ, ಹೀರೆ, ಬೆಂಡೆದು ಮಾತ್ರ. ಸೌತೆ ಬೀಜ ತೊಳೆದು ಬೂದಿ ಬೆರೆಸಿ ನೆರಳಲ್ಲಿ ಒಣಗಿಸಿ ಬಾಟಲಿಗೆ, ಅತ್ತೆ ಕಾಲದಲ್ಲಿ ಸಗಣಿ ಜೊತೆ ಕೊಟ್ಟಿಗೆ ಗೋಡೆಗೇ ಮೆತ್ತಿಡ್ತಿದ್ರು. ಎರಡು ವರ್ಷದ ಹಿಂದೆ ನಾನು ಬೀಜದ ಸೌತೆ ಹಣ್ಣಾಗಿ ಕೆಂಪಾಗಿದ್ದನ್ನ ಕಿತ್ತು, ಸ್ವಲ್ಪ ಆರ್ಲಿ ಅಂತ ಅಡುಗೆಮನೆ ಕಿಟಕಿ ದಂಡೆ ಮೇಲೆ ಇಟ್ಟು ಹಾಲು ಕರೆಯೋಕೆ ಹೋಗಿದ್ದೆ. ಬಂದು ನೋಡಿದ್ರೆ ಕಿಟಕಿ ಸರಳಿನ ಸಂದಿಲಿ ಒಂದು ಪುಟ್ಟ ಕಪ್ಪು ಕೈ. ಅದಕ್ಕೆ ಈಗ ಬೀಜದ ಸೌತೆ ಇಡೋದು ದೇವರ ಗೂಡಲ್ಲಿ, ಬಾಗಿಲು ಹಾಕಿ.